ಉಳದವರ ಹೆಸರಿಗೆ ಪಹಣಿ

ಐಪಿವಿ4 ವಿಳಾಸಗಳು ಮುಗಿದುಹೋಗಿವೆ ಅನ್ನೋದನ್ನ ನಾನು ಒಪ್ಪಲ್ಲ. ಮುಗಿದಿರೋದು ಹಂಚಿಕೆ, ವಿಳಾಸಗಳಲ್ಲ.

ಇರೋದು ಒಟ್ಟು ಸುಮಾರು 429 ಕೋಟಿ. ಇಂಟರ್ನೆಟ್ಟಿನ ಆರಂಭದ ದಿನಗಳಲ್ಲಿ ಮೊದಲು ಬಂದವರಿಗೆ ಪುಕ್ಕಟೆಯಾಗಿ, ಮೊಗೆಮೊಗೆದು ಕೊಟ್ಟರು. ಆಪಲ್ ಒಂದರ ಹೆಸರಲ್ಲೇ 1.67 ಕೋಟಿ ಇದೆ. ಅಮೆರಿಕದ ಎಂಐಟಿ ಬಳಿಯೂ ಅಷ್ಟೇ ಇತ್ತು, ಅದರಲ್ಲಿ 1.4 ಕೋಟಿ ಬಳಸೇ ಇಲ್ಲ ಅಂತ 2017ರಲ್ಲಿ ತಾನೇ ಹೇಳಿಕೊಂಡು, 80 ಲಕ್ಷವನ್ನು ಮಾರಾಟಕ್ಕಿಟ್ಟಿತು.

ನಮ್ಮ ಪಾಲೆಷ್ಟು? ಏಷ್ಯಾ-ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್‌ನ ಕಣಜ 2011ರ ಏಪ್ರಿಲ್‌ನಲ್ಲೇ ತಳ ಕಂಡಿತು. ಆ ಕೊನೆಯ ರಾಶಿಯಿಂದ ಒಬ್ಬೊಬ್ಬರಿಗೆ 1024 ಅಂತ ರೇಷನ್ ಮಾಡಿದರು. 2019ರಲ್ಲಿ ಅದನ್ನೂ 512ಕ್ಕೆ ಇಳಿಸಿದರು. ಎಲ್ಲರಿಗೂ ಸಮಪಾಲು, ಇದೇ ನ್ಯಾಯ ಅಂತಾರೆ. ಜಹಗೀರುದಾರರನ್ನು ಮುಟ್ಟದೆ ಇಲ್ಲದವರ ನಡುವೆ ಮಾತ್ರ ಸಮಪಾಲು ಮಾಡೋದು ಯಾವ ಸೀಮೆ ನ್ಯಾಯ?

ಕೇಬಲ್ ಟಿವಿಯಿಂದ ಬ್ರಾಡ್‌ಬ್ಯಾಂಡ್‌ಗೆ ಬಂದ ತಾಲ್ಲೂಕಿನ ಆಪರೇಟರ್ ಒಬ್ಬರು 5000 ಮನೆಗೆ ಫೈಬರ್ ಎಳೆದಿದ್ದಾರೆ ಅಂದುಕೊಳ್ಳಿ. ಒಂದು ವಿಳಾಸಕ್ಕೆ ಸುಮಾರು ಹತ್ತು ಮನೆ. ಹೀಗೆ ಹಂಚಿಕೊಂಡು ಬದುಕೋದಕ್ಕೇ ಸಿಜಿನ್ಯಾಟ್ ಅಂತ ಹೆಸರು. ತೋಟದ ಸಿಸಿ ಕ್ಯಾಮೆರಾವನ್ನು ಹೊರಗಿಂದ ನೇರವಾಗಿ ನೋಡೋಕಾಗಲ್ಲ, ಮಧ್ಯೆ ಯಾರದ್ದೋ ಕ್ಲೌಡ್ ಬೇಕು. ಒಂದು ಮನೆಯಿಂದ ಸ್ಪ್ಯಾಮ್ ಹೋದರೆ ಹತ್ತೂ ಮನೆ ಬ್ಲಾಕ್. ಯಾವ ಮನೆ ಯಾವಾಗ ಯಾವ ಪೋರ್ಟ್ ಬಳಸಿತು ಅನ್ನೋ ಲಾಗ್ ಇಡುವ ಖರ್ಚೂ ಆಪರೇಟರದ್ದೇ. 'ನಿಮ್ಮ ನೆಟ್ ಸರಿ ಇಲ್ಲ' ಅಂತ ಗಿರಾಕಿ ದೊಡ್ಡ ಕಂಪನಿಗೆ ಹೋಗ್ತಾನೆ. ಹೆಚ್ಚು ವಿಳಾಸ ಬೇಕಾದರೆ ಡಾಲರ್ ಕೊಟ್ಟು ಕೊಳ್ಳಬೇಕು, ಅದೂ ಎಷ್ಟೋ ಸಲ ಪುಕ್ಕಟೆ ಪಡೆದವರಿಂದಲೇ.

'ಐಪಿವಿ6ಗೆ ಹೋಗಲಿ ಬಿಡಿ' ಅನ್ನೋರಿದ್ದಾರೆ. ಹೋಗಲೇಬೇಕು. ಆದರೆ ಆಪರೇಟರ್ ಒಬ್ಬರೇ ಹೋದರೆ ಸಾಲದು, ಆ ಕಡೆಯ ಸರ್ವರೂ ಐಪಿವಿ6 ಮಾತಾಡಬೇಕಲ್ಲ? ನಾವು ದಿನಾ ಕೋಡ್ ತಳ್ಳೋ ಗಿಟ್‌ಹಬ್ಬೇ ವರ್ಷಗಟ್ಟಲೆ ಆ ಗೋಜಿಗೆ ಹೋಗಿಲ್ಲ. ಅಲ್ಲಿವರೆಗೂ ಐಪಿವಿ4 ಇಲ್ಲದೆ ಧಂದೆ ನಡೆಯಲ್ಲ.

ಉಳುವವನೇ ಹೊಲದೊಡೆಯ ಅಂತ ಕರ್ನಾಟಕ 1974ರಲ್ಲಿ ಭೂಸುಧಾರಣಾ ಕಾನೂನನ್ನೇ ತಿದ್ದಿತು. ಇಲ್ಲೂ ಅದೇ ಬೇಕು: ಬಳಸದ ವಿಳಾಸ ಮಾರೋಕಲ್ಲ, ವಾಪಸ್ ಕೊಡೋಕೆ. ಕೊಟ್ಟಾಗ ಒಪ್ಪಂದವೇ ಇರಲಿಲ್ಲ ಅನ್ನೋದು ಉಳ್ಳವರ ವಾದ. ಕೊಟ್ಟಾಗ ಕ್ರಯವೂ ಆಗಿರಲಿಲ್ಲ, ಸ್ವಾಮಿ.

ಅದಾಗೋವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನಿಮ್ಮ ಟೀಮಿನ ಲೋಡ್ ಬ್ಯಾಲೆನ್ಸರ್‌ನಲ್ಲಿ ಐಪಿವಿ6 ಆನ್ ಮಾಡಿ, ಡಿಎನ್‌ಎಸ್‌ಗೆ ಒಂದು ಎಎಎಎ ರೆಕಾರ್ಡ್ ಸೇರಿಸಿ. ಒಂದೊಂದೇ ಸೇವೆ ಆ ಕಡೆ ದಾಟಿದಷ್ಟೂ ಜಹಗೀರಿನ ಬೆಲೆ ಇಳಿಯುತ್ತೆ.