ದನಿಗಳನ್ನು ಎಣಿಸುವ ಬಗೆ

ಒಂದು ಊರಿನಲ್ಲಿ ಎಷ್ಟು ಪತ್ರಿಕೆಗಳಿವೆ, ಎಷ್ಟು ಬಾನುಲಿ ಕೇಂದ್ರಗಳಿವೆ ಎಂಬುದನ್ನು ಯಾರು ಬೇಕಾದರೂ ಎಣಿಸಿ ಹೇಳಬಹುದು. ಆ ಊರಿನಲ್ಲಿ ಎಷ್ಟು ಬಗೆಯ ಅಭಿಪ್ರಾಯಗಳಿಗೆ ಎಡೆಯಿದೆಯೆಂದು ಹೇಳುವುದು ಅಷ್ಟು ಸುಲಭವಲ್ಲ. ಈ ಎರಡು ಪ್ರಶ್ನೆಗಳನ್ನೂ ಒಂದೇ ಎಂದು ಬಗೆದುದರಿಂದ ಅಮೆರಿಕದಲ್ಲಿ ಉಂಟಾದ ಗೊಂದಲವು, ಪ್ರಜಾಪ್ರಭುತ್ವದಲ್ಲಿ ನಂಬಿಕೆಯುಳ್ಳವರೆಲ್ಲರೂ ಪರ್ಯಾಲೋಚಿಸತಕ್ಕ ವಿಷಯವಾಗಿದೆ.

ಆ ದೇಶದ ಫೆಡರಲ್ ಸಂಪರ್ಕ ಆಯೋಗವು 1975ರಲ್ಲಿ ಒಂದು ನಿಯಮವನ್ನು ವಿಧಿಸಿತು. ದಿನಪತ್ರಿಕೆಯ ಒಡೆಯನು ಅದೇ ಊರಿನ ರೇಡಿಯೋ ಅಥವಾ ಟೆಲಿವಿಷನ್ ಕೇಂದ್ರವನ್ನು ಹೊಸದಾಗಿ ಪಡೆಯಕೂಡದು ಎಂಬುದು ಅದರ ಸಾರ. ಪ್ರಸಾರದ ತರಂಗಗಳಿಗೆ ಮಿತಿಯುಂಟು. ಪರವಾನಗಿ ಕೊಡುವ ಸರಕಾರವು ಊರಿನ ಬಾಯಿಗಳೆಲ್ಲವೂ ಒಂದೇ ಕೈಸೇರದಂತೆ ನೋಡಿಕೊಳ್ಳಬೇಕೆಂಬುದು ಅದರ ಹಿಂದಿನ ಭಾವನೆ. 1978ರಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು.

ಕಾಲಕ್ರಮದಲ್ಲಿ ಗಾಳಿ ಬೇರೆ ಕಡೆಗೆ ಬೀಸಿತು. 1996ರ ಶಾಸನವು ರೇಡಿಯೋ ಒಡೆತನದ ಮಿತಿಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಅದರ ಫಲವೇನೆಂಬುದಕ್ಕೆ ಉತ್ತರ ಡಕೋಟ ಸಂಸ್ಥಾನದ ಮೈನಾಟ್ ಪಟ್ಟಣವನ್ನು ನೋಡಬಹುದು. 2002ರ ಜನವರಿ 18ರಂದು ನಡುರಾತ್ರಿ ಕಳೆದ ಮೇಲೆ ಅಲ್ಲಿ ರೈಲೊಂದು ಹಳಿ ತಪ್ಪಿ, ಅಮೋನಿಯಾ ವಿಷಾನಿಲವು ಊರಿನ ಮೇಲೆ ಕವಿಯಿತು, ಒಬ್ಬರು ಮೃತಪಟ್ಟರು. ಪಟ್ಟಣದ ಆರು ವಾಣಿಜ್ಯ ರೇಡಿಯೋ ಕೇಂದ್ರಗಳೂ ಆಗ ಒಂದೇ ಸಂಸ್ಥೆಯವಾಗಿದ್ದವು. ಜನರಿಗೆ ಎಚ್ಚರಿಕೆ ಸಕಾಲದಲ್ಲಿ ಮುಟ್ಟಲಿಲ್ಲ. ತಪ್ಪು ಕೇಂದ್ರಗಳದೋ ಪೋಲೀಸರದೋ ಎಂಬ ವಿವಾದ ಬಹುಕಾಲ ನಡೆಯಿತು. ಅದೇನೇ ಇರಲಿ, ಆರು ಹೆಸರುಗಳಿದ್ದ ಮಾತ್ರಕ್ಕೆ ಆರು ಮನೆಗಳಿರುವುದಿಲ್ಲವೆಂಬ ಮಾತು ಎಲ್ಲರಿಗೂ ವೇದ್ಯವಾಯಿತು.

ಹೀಗಿದ್ದೂ ಮಾರನೆಯ ವರ್ಷವೇ, 2003ರ ಜೂನ್ 2ರಂದು, ಆಯೋಗವು ಮೂರಕ್ಕೆ ಎರಡು ಮತಗಳಿಂದ 1975ರ ನಿಷೇಧವನ್ನು ತೆಗೆದುಹಾಕಿ, ಅದರ ಸ್ಥಾನದಲ್ಲಿ ಹೊಸ ಮಿತಿಗಳನ್ನು ಗೊತ್ತುಮಾಡಿತು. ಒಂಬತ್ತು ಅಥವಾ ಹೆಚ್ಚು ಟೆಲಿವಿಷನ್ ಕೇಂದ್ರಗಳಿರುವ ಊರಿನಲ್ಲಿ ಪತ್ರಿಕೆಯೂ ಪ್ರಸಾರಕೇಂದ್ರವೂ ಒಂದೇ ಒಡೆತನಕ್ಕೆ ಬರಲು ಅಡ್ಡಿಯಿಲ್ಲ ಎಂದಿತು. ಇದಕ್ಕೆ ಆಧಾರವಾಗಿ ‘ವೈವಿಧ್ಯ ಸೂಚ್ಯಂಕ’ವೆಂಬ ಅಳತೆಗೋಲನ್ನು ರಚಿಸಿತು. ವ್ಯಾಪಾರದಲ್ಲಿ ಏಕಸ್ವಾಮ್ಯವನ್ನು ಅಳೆಯುವ ಅರ್ಥಶಾಸ್ತ್ರದ ಸೂತ್ರವೇ ಇದಕ್ಕೆ ಮಾದರಿ. ಸ್ಥಳೀಯ ಸುದ್ದಿಯಲ್ಲಿ ಟೆಲಿವಿಷನ್ನಿಗೆ ನೂರಕ್ಕೆ 33.8, ಪತ್ರಿಕೆಗಳಿಗೆ 28.8, ರೇಡಿಯೋಗೆ 24.9, ಅಂತರ್ಜಾಲಕ್ಕೆ 12.5 ಎಂದು ತೂಕವನ್ನು ಹಂಚಲಾಯಿತು. ಲೆಕ್ಕ ಇಲ್ಲಿಯವರೆಗೆ ಗಂಭೀರವಾಗಿಯೇ ಕಾಣುತ್ತದೆ. ಆದರೆ ಒಂದೊಂದು ಮಾಧ್ಯಮದ ಒಳಗೆ ಎಲ್ಲ ಸಂಸ್ಥೆಗಳಿಗೂ ಸಮಪಾಲು! ಓದುವವರು ಎಷ್ಟು, ನೋಡುವವರು ಎಷ್ಟು ಎಂಬ ಪ್ರಶ್ನೆಯೇ ಇಲ್ಲ. ಪರಿಣಾಮವಾಗಿ ನ್ಯೂಯಾರ್ಕಿನ ಲೆಕ್ಕದಲ್ಲಿ ಡಚೆಸ್ ಕಮ್ಯೂನಿಟಿ ಕಾಲೇಜಿನ ಪುಟ್ಟ ಟೆಲಿವಿಷನ್ ಕೇಂದ್ರವು, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯೂ ಅದರ ರೇಡಿಯೋ ಕೇಂದ್ರವೂ ಸೇರಿದುದಕ್ಕಿಂತ ಹೆಚ್ಚು ತೂಗಿತು. ಉತ್ತರಪತ್ರಿಕೆಗಳನ್ನು ತೆರೆಯದೆ ಹಾಜರಿ ಪುಸ್ತಕವನ್ನು ನೋಡಿ ಅಂಕ ಹಂಚಿದ ಪರೀಕ್ಷಕನ ಕೆಲಸದಂತಾಯಿತು ಇದು.

2004ರ ಜೂನ್‌ನಲ್ಲಿ ಫಿಲಡೆಲ್ಫಿಯದ ಮೇಲ್ಮನವಿ ನ್ಯಾಯಾಲಯವು ಈ ಅಸಂಗತಿಯನ್ನು ಎತ್ತಿ ತೋರಿಸಿ, ಮಿತಿಗಳನ್ನು ಪುನಃ ಪರಿಶೀಲಿಸುವಂತೆ ಆಯೋಗಕ್ಕೆ ಹಿಂದಿರುಗಿಸಿತು. ಅಂತರ್ಜಾಲಕ್ಕೆ ಕೊಟ್ಟ ತೂಕವನ್ನೂ ಅದು ಒಪ್ಪಲಿಲ್ಲ. ಸ್ಥಳೀಯ ಸುದ್ದಿ ಕೊಡುವ ಜಾಲತಾಣಗಳಲ್ಲಿ ಅನೇಕವು ಪತ್ರಿಕೆ ಮತ್ತು ಟೆಲಿವಿಷನ್ ಸಂಸ್ಥೆಗಳವೇ ಆಗಿದ್ದುವಷ್ಟೆ. ಬೆಟ್ಟದಿಂದ ಮರುಳುವ ಮಾರ್ದನಿಯನ್ನು ಇನ್ನೊಬ್ಬನ ಮಾತೆಂದು ಎಣಿಸಬಹುದೆ?

ಅಳತೆಗೋಲು ಕೆಟ್ಟಿತೆಂದು ಅಳೆಯುವುದನ್ನೇ ಬಿಡಬೇಕೆಂದು ಕೆಲವರು ವಾದಿಸಬಹುದು. ಅಭಿಪ್ರಾಯವೇನು ಅಕ್ಕಿಯೇ, ಸೇರಿನಲ್ಲಿ ಅಳೆಯಲು ಎಂದು ಕೇಳಬಹುದು. ಈ ವಾದವನ್ನು ನಾನು ಒಪ್ಪಲಾರೆ. ಅಳತೆಯಿಲ್ಲದೆಡೆಯಲ್ಲಿ ನಷ್ಟವಾಗುವುದು ಓದುಗನಿಗೇ ಹೊರತು ಒಡೆಯನಿಗಲ್ಲ. 2017ರಲ್ಲಿ ಆಯೋಗವು ಪತ್ರಿಕೆ-ಪ್ರಸಾರಗಳ ಆ ಹಳೆಯ ನಿಷೇಧವನ್ನು ರದ್ದುಗೊಳಿಸಿತು. ಸ್ತ್ರೀಯರ ಮತ್ತು ಅಲ್ಪಸಂಖ್ಯಾತರ ಒಡೆತನದ ಮೇಲೆ ಇದರ ಪರಿಣಾಮವೇನೆಂಬುದಕ್ಕೆ ಪೂರ್ಣವಾದ ಅಂಕಿ ಅಂಶಗಳಿರಲಿಲ್ಲ. ಆದರೂ ಇದ್ದಷ್ಟರ ಮೇಲೆ ಆಯೋಗವು ಕೈಗೊಂಡ ನಿರ್ಣಯ ಅಯುಕ್ತವಲ್ಲವೆಂದು 2021ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಸರ್ವಾನುಮತದಿಂದ ತೀರ್ಪಿತ್ತಿತು. ಕಲೆಹಾಕದ ಲೆಕ್ಕವು ಯಾರ ಪರವಾಗಿ ನಿಲ್ಲುತ್ತದೆಂಬುದನ್ನು ಇದರಿಂದ ಊಹಿಸಬಹುದು.

ನಮಗೂ ಇದರಲ್ಲಿ ಪಾಠವಿದೆ. ಪತ್ರಿಕೆ ಮತ್ತು ಟೆಲಿವಿಷನ್ ವಾಹಿನಿಗಳ ಒಡೆತನ ಒಂದೇ ಕಡೆ ಸೇರದಂತೆ ತಡೆಯುವ ಸಾಮಾನ್ಯ ಶಾಸನ ಭಾರತದಲ್ಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2014ರಲ್ಲಿ ಈ ಬಗ್ಗೆ ಶಿಫಾರಸುಗಳನ್ನು ಮಾಡಿತು. ಒಂದೊಂದು ಭಾಷೆಯ ಪ್ರದೇಶವನ್ನೂ ಬೇರೆಯಾಗಿ ಪರಿಗಣಿಸಬೇಕು, ಸಂಸ್ಥೆಗಳ ತಲೆಯೆಣಿಕೆಗೆ ನಿಲ್ಲದೆ ಅವು ಎಷ್ಟು ಜನರನ್ನು ಮುಟ್ಟುತ್ತವೆಂಬುದನ್ನು ನೋಡಬೇಕು ಎಂಬ ವಿವೇಕ ಅದರಲ್ಲಿತ್ತು. ಅದು ಶಾಸನದ ರೂಪವನ್ನು ತಾಳಿಲ್ಲ.

ಕನ್ನಡದ ಓದುಗನು ಇಂಗ್ಲಿಷಿನ ಹತ್ತಾರು ಪತ್ರಿಕೆಗಳ ಲೆಕ್ಕದಿಂದ ಸಮಾಧಾನ ಪಡುವಂತಿಲ್ಲ. ಅವನ ಊರಿನ ಕೆರೆ, ಶಾಲೆ, ಸಂತೆಗಳ ಸುದ್ದಿ ಅವನ ನುಡಿಯಲ್ಲಿ ಬರಬೇಕಾಗಿದೆ. ಆದಕಾರಣ ನಮ್ಮ ಎಣಿಕೆ ಮೂರು ಪ್ರಶ್ನೆಗಳಿಂದ ಮೊದಲಾಗಲಿ: ಒಡೆಯರು ಯಾರು, ಕೇಳುವವರು ಎಷ್ಟು ಮಂದಿ, ಸ್ಥಳಕ್ಕೆ ಹೋಗಿ ಸುದ್ದಿ ತರುವವರು ಎಷ್ಟು ಮಂದಿ. ಮೂರನೆಯದನ್ನು ಮರೆತ ಲೆಕ್ಕವು ಎಷ್ಟೇ ಸೂಕ್ಷ್ಮವಾಗಿರಲಿ, ಊರಿಗೆ ವಿಷಗಾಳಿ ಬಂದ ರಾತ್ರಿ ಅದರಿಂದ ಪ್ರಯೋಜನವಾಗದು.