ಹೊಳೆ ಇಳಿಯುವುದು, ನಾಲೆ ನಿಲ್ಲುವುದು

ಪುಷ್ಯದ ಚಳಿ. ಹೊನ್ನಾಳಿಯಲ್ಲಿ ನಾವೆಲ್ಲ ಕಂಬಳಿ ಹೊದ್ದು ಕೂತಿದ್ದರೆ ನನ್ನ ಸೊಸೆ ಫ್ಯಾನ್ ಕೆಳಗೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದಳು. ಐದನೇ ತರಗತಿಯ ಮೊಮ್ಮಗ ಫ್ಯಾನ್ ಆರಿಸಿದ. ಅವಳು ಗದರಿದಳು, ಮರುಕ್ಷಣವೇ ಅತ್ತಳು. ಹುಡುಗ ನನ್ನ ಹತ್ತಿರ ಬಂದು, “ಅಜ್ಜಿ, ಅಮ್ಮಂಗೆ ನಾನು ಬೇಡವಾ?” ಅಂದ.

ನಿಜ ಹೇಳಬೇಕೆಂದರೆ ನಾನೂ ಮನಸ್ಸಿನಲ್ಲೇ ಅವಳನ್ನು ಬೈದುಕೊಂಡಿದ್ದೆ. 39ನೇ ವಯಸ್ಸಿಗೆ ಗಡ್ಡೆಯಾಗಿ ಗರ್ಭಕೋಶ, ಎರಡೂ ಅಂಡಾಶಯ ತೆಗೆಸಿ ಎರಡು ತಿಂಗಳಾಗಿತ್ತು. ಹೊಲಿಗೆ ಒಣಗಿದೆ, ಇನ್ನೆಂಥ ಕಾಯಿಲೆ? ನನಗೂ ಮುಟ್ಟು ನಿಂತಿತಲ್ಲ, ನಾನೇನು ಹೀಗಾಡಿದೆನೇ?

ಮುಂದಿನ ಸಲ ಡಾಕ್ಟರ ಬಳಿ ಅವಳ ಜೊತೆ ನಾನೂ ಹೋದೆ. ಅಲ್ಲಿ ಕೇಳಿದ್ದನ್ನು ಮೊಮ್ಮಗನಿಗೆ ನಮ್ಮೂರ ನೀರಿನ ಲೆಕ್ಕದಲ್ಲಿ ಹೇಳಿದೆ.

“ಮಳೆಗಾಲ ಮುಗಿದ ಮೇಲೆ ತುಂಗಭದ್ರೆ ಒಂದೇ ದಿನಕ್ಕೆ ಇಳಿಯುತ್ತಾಳಾ? ಇಲ್ಲ, ಬೇಸಿಗೆವರೆಗೂ ಸ್ವಲ್ಪಸ್ವಲ್ಪವೇ ಇಳಿಯುತ್ತಾಳೆ. ಭದ್ರಾ ನಾಲೆ ಹಾಗಲ್ಲ, ಗೇಟು ಹಾಕಿದರೆ ಒಂದೆರಡು ದಿನದಲ್ಲಿ ಖಾಲಿ. ಹೆಂಗಸರ ಹೊಟ್ಟೆಯೊಳಗೆ ಅಂಡಾಶಯ ಅಂತ ಎರಡು ಪುಟ್ಟ ಅಂಗ ಇರುತ್ತವೆ. ಈಸ್ಟ್ರೋಜನ್ ಅನ್ನುವ ಹಾರ್ಮೋನು ಅಲ್ಲಿ ಹುಟ್ಟುತ್ತದೆ. ಅಜ್ಜಿಗೆ ಅದು ಹೊಳೆಯ ಹಾಗೆ ಇಳಿಯಿತು. ಅಮ್ಮನಿಗೆ ಆಪರೇಷನ್ ದಿನವೇ ಗೇಟು ಹಾಕಿದ ಹಾಗಾಯಿತು.”

“ಅದಕ್ಕೇ ಸೆಖೆನಾ?”

ಅದಕ್ಕೇ ಸೆಖೆ, ನಿದ್ದೆ ಇಲ್ಲದ ರಾತ್ರಿ, ಸಿಡುಕು, ಮರೆವು. ಇವು ಕಣ್ಣಿಗೆ ಕಾಣುತ್ತವೆ. ಕಾಣದೆ ಮೂಳೆಯೂ ಸವೆಯುತ್ತದಂತೆ. ಹಾಗಾಗಿ ಸಣ್ಣ ವಯಸ್ಸಿನವರಿಗೆ, ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ಮುಟ್ಟು ತಾನಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುತ್ತಾರೆ. ನಮ್ಮ ಸೊಸೆಗೂ ಬರೆದುಕೊಟ್ಟರು. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದರೆ ಮುಟ್ಟು ನಿಂತರೂ ಹಾರ್ಮೋನು ಹರಿಯುತ್ತಲೇ ಇರುತ್ತದೆ. ಈ ವ್ಯತ್ಯಾಸ ನನಗೆ ಎಪ್ಪತ್ತು ದಾಟಿದ ಮೇಲೆ ತಿಳಿಯಿತು, ನೋಡಿ!

ನನ್ನ ವಾರಿಗೆಯವರಿಗೆ ಒಂದು ಮಾತು. “ಮಕ್ಕಳಾಗಿವೆಯಲ್ಲ, ಗರ್ಭಕೋಶ ಯಾಕೆ ಬೇಕು, ತೆಗೆಸಿಬಿಡು” ಅನ್ನುವವರು ನಾವೇ. ಬೇಡದ ಕಡೆ ಗರ್ಭಕೋಶ ತೆಗೆಯುವುದನ್ನು ತಡೆಯಿರಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ತೆಗೆಯಲೇಬೇಕೇ, ಅಂಡಾಶಯ ಉಳಿಸಬಹುದೇ ಎಂದು ಮೊದಲೇ ಕೇಳಿ. ನಾವು ಕೇಳಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಸೊಸೆ ಮೆಲ್ಲಗೆ ಅಂದಳು: “ಅತ್ತೆ, ನನಗೆ ಹುಚ್ಚು ಹಿಡೀತಿದೆ ಅಂದ್ಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.” ಎರಡು ತಿಂಗಳು ಒಂದೇ ಮನೆಯಲ್ಲಿದ್ದೆವು.

ಈಗ ಸಂಜೆಯಾದರೆ ಹುಡುಗ ಮಂಕಿ ಟೋಪಿ ಹಾಕಿಕೊಂಡು ತಾನೇ ಹೋಗಿ ಫ್ಯಾನಿನ ಸ್ವಿಚ್ ಒತ್ತುತ್ತಾನೆ. ನಾನು ಎರಡು ಕಂಬಳಿ ಹೊದೆಯುತ್ತೇನೆ.