ರಾಗಿ ಹೊಲದ ಅಲೆ, ಅಯಸ್ಕಾಂತದ ಅಲೆ

ಮಕ್ಕಳೇ, ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿನ ಹೆಸರು ಕೇಳಿದ್ದೀರಾ? 2007ರಲ್ಲಿ ನಮ್ಮ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎನಿಸಿಕೊಂಡ ತೋಪು ಅದು. ಆ ಕಡೆ ಹೋದಾಗ ತೆನೆ ಬಿಟ್ಟ ರಾಗಿ ಹೊಲವೊಂದನ್ನೂ ನೋಡಿ ಬನ್ನಿ. ಗಾಳಿ ಬೀಸಿದರೆ ಈ ಬದುವಿನಿಂದ ಆ ಬದುವಿಗೆ ಅಲೆಯೊಂದು ಓಡುತ್ತದೆ. ಆದರೆ ಒಂದು ಪೈರೂ ತನ್ನ ಜಾಗ ಬಿಟ್ಟಿರುವುದಿಲ್ಲ. ಓಡಿದ್ದು ಪೈರಲ್ಲ, ಅದರ ಬಾಗು!

ಅಯಸ್ಕಾಂತದ ಒಳಗೂ ಇಂಥದ್ದೇ ಅಲೆ ಇದೆ. ಅಲ್ಲಿನ ಪರಮಾಣುಗಳು ಪುಟ್ಟ ಅಯಸ್ಕಾಂತಗಳು. ಎಲೆಕ್ಟ್ರಾನುಗಳ ‘ಸ್ಪಿನ್’ ಎಂಬ ಗುಣವೇ ಅದಕ್ಕೆ ಕಾರಣ. ಬಿಸಿ ತಗುಲಿದಾಗ ಒಂದು ಸ್ಪಿನ್, ವೇಗ ಕಳೆದುಕೊಂಡ ಬುಗುರಿಯಂತೆ ತೂರಾಡುತ್ತದೆ. ಹೊಲದಲ್ಲಿ ಪೈರನ್ನು ತಳ್ಳುವುದು ಗಾಳಿ. ಇಲ್ಲಿ ಪಕ್ಕದ ಸ್ಪಿನ್ನೇ ತನ್ನ ತೂರಾಟವನ್ನು ನೆರೆಯದಕ್ಕೆ ದಾಟಿಸುತ್ತದೆ. ಇದೇ ಸ್ಪಿನ್ ಅಲೆ. 1930ರಲ್ಲಿ ಫೆಲಿಕ್ಸ್ ಬ್ಲಾಕ್ ಎಂಬ ವಿಜ್ಞಾನಿ ಇದನ್ನು ಲೆಕ್ಕ ಹಾಕಿ ತೋರಿಸಿದರು.

ತಾಮ್ರದ ಪಾತ್ರೆಯಲ್ಲಿ ಶಾಖವನ್ನು ಹೊರುವ ದೊಡ್ಡ ಕೂಲಿಯಾಳು ಎಲೆಕ್ಟ್ರಾನು. ವಿದ್ಯುತ್ ಹರಿಯದ ಅವಾಹಕದಲ್ಲಿ ಆ ಕೆಲಸ ಪರಮಾಣುಗಳ ನಡುಕದ್ದು. ಅವಾಹಕವೂ ಆಗಿದ್ದು ಅಯಸ್ಕಾಂತವೂ ಆಗಿದ್ದರೆ? ಆಗ ಸ್ಪಿನ್ ಅಲೆಗಳೂ ಹೆಗಲು ಕೊಡುತ್ತವೆ. ಯಿಟ್ರಿಯಂ ಐರನ್ ಗಾರ್ನೆಟ್ ಅಂಥ ಒಂದು ಹರಳು. ಅದನ್ನು ತೀರಾ ತಣ್ಣಗೆ ಮಾಡಿ ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟರೆ ಸ್ಪಿನ್ ಅಲೆಗಳು ಏಳುವುದು ಕಷ್ಟವಾಗುತ್ತದೆ, ಶಾಖದ ಹರಿವು ತಗ್ಗುತ್ತದೆ. ಎಷ್ಟು ತಗ್ಗಿತೋ ಅಷ್ಟು ಹೊರೆ ಅಲೆಗಳದ್ದಾಗಿತ್ತು ಎಂದು ತಿಳಿಯಬಹುದು. 1960ರ ದಶಕದಲ್ಲೇ ಇಂಥ ಪ್ರಯೋಗಗಳು ನಡೆದವು.

ಮುಂದಿನದು ಇನ್ನೂ ಸೊಗಸು. 2010ರಲ್ಲಿ ಜಪಾನಿನ ಕೆನ್-ಇಚಿ ಉಚಿದಾ, ಈಜಿ ಸೈಟೋ ಮತ್ತು ಸಂಗಡಿಗರು ಇದೇ ಜಾತಿಯ ಹರಳಿಗೆ ತೆಳುವಾದ ಪ್ಲಾಟಿನಂ ಅಂಟಿಸಿದರು. ಹರಳಿನ ಒಂದು ಬದಿಗೆ ಬಿಸಿ, ಇನ್ನೊಂದು ಬದಿಗೆ ತಂಪು. ಹರಳಿನಲ್ಲಿ ವಿದ್ಯುತ್ ಹರಿಯುವುದೇ ಇಲ್ಲ, ಆದರೂ ಪ್ಲಾಟಿನಂನಲ್ಲಿ ವೋಲ್ಟೇಜ್ ಕಾಣಿಸಿತು! ಸ್ಪಿನ್ ಅಲೆಗಳು ತಮ್ಮ ತೂರಾಟವನ್ನು ಪ್ಲಾಟಿನಂನ ಎಲೆಕ್ಟ್ರಾನುಗಳಿಗೆ ಒಪ್ಪಿಸಿದ್ದವು, ಅವು ಪಕ್ಕಕ್ಕೆ ತಿರುಗಿ ಹರಿದವು. ಇದಕ್ಕೆ ಸ್ಪಿನ್ ಸೀಬೆಕ್ ಪರಿಣಾಮ ಎಂದು ಹೆಸರು. 2014ರಲ್ಲಿ ನೆದರ್ಲೆಂಡ್ಸ್‌ನ ಗ್ರೊನಿಂಗನ್‌ನಲ್ಲಿ ಇದರ ತಿರುವುಮುರುವೂ ಸಿಕ್ಕಿತು. ಅಲ್ಲಿ ವಿದ್ಯುತ್ ಕೊಟ್ಟು, ಸ್ಪಿನ್ ಅಲೆಗಳ ಮೂಲಕ ಶಾಖವನ್ನು ಸಾಗಿಸಿದರು.

ಇದರಿಂದ ನಮಗೇನು? ಅಪ್ಪನ ಮೊಬೈಲ್ ಬೆಚ್ಚಗಾಗುವುದನ್ನು ಮುಟ್ಟಿ ನೋಡಿದ್ದೀರಲ್ಲ? ಎಲೆಕ್ಟ್ರಾನುಗಳನ್ನು ದೂಡಿದಾಗಲೆಲ್ಲ ಸ್ವಲ್ಪ ಶಕ್ತಿ ಶಾಖವಾಗಿ ಪೋಲಾಗುತ್ತದೆ. ಎಲೆಕ್ಟ್ರಾನು ಹರಿಯದೆ ಅಲೆಯೇ ಸುದ್ದಿ ಒಯ್ದರೆ ಪೋಲು ಕಡಿಮೆಯಾಗಬಹುದು. ಪೋಲಾದ ಶಾಖದಿಂದ ಒಂದಿಷ್ಟು ವಿದ್ಯುತ್ತನ್ನೂ ಮರಳಿ ಪಡೆಯಬಹುದು. ಆದರೆ ಅವಸರ ಬೇಡ. ಈ ಪ್ರಯೋಗಗಳಲ್ಲಿ ಸಿಗುವುದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಗೋಡೆ ಗಡಿಯಾರದ ಪುಟ್ಟ ಸೆಲ್ ಕೂಡ ಒಂದೂವರೆ ವೋಲ್ಟ್ ಕೊಡುತ್ತದೆ. ಈ ಅಂತರವನ್ನು ತುಂಬುವ ಕೆಲಸ ಇನ್ನೂ ಬಾಕಿ ಇದೆ. ಅದು ನಿಮ್ಮಲ್ಲೇ ಯಾರದೋ ಪಾಲಿಗೆ ಕಾದಿರಬಹುದು.

ಮಾಡಿ ನೋಡಿ: ನಾಲ್ಕೈದು ಸಣ್ಣ ದಿಕ್ಸೂಚಿಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಡಿ. ಮೊದಲನೆಯದರ ಹತ್ತಿರ ಪುಟ್ಟ ಅಯಸ್ಕಾಂತವನ್ನು ಮೆಲ್ಲನೆ ಆಡಿಸಿ. ಕೊನೆಯ ಮುಳ್ಳು ಏನು ಮಾಡಿತು?